ಸಣ್ಣ ಸುಖಗಳ ದೊಡ್ಡ ಋಣ

ಊರು ಬಿಟ್ಟು ಪರಸ್ಥಳಗಳಲ್ಲಿ ನೆಲಸಿದ ಜನರ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸಂಘಸಂಸ್ಥೆಗಳ ಸ್ಥಾಪನೆ, ಕಟ್ಟಡಗಳ ಪ್ರಾರಂಭೋತ್ಸವ, ಅಧ್ಯಕ್ಷರುಗಳ ಪರಂಪರೆ ಇವುಗಳನ್ನೇ ಬರೆಯುತ್ತಾರೆ. ಅದು ಅವಶ್ಯವೇ ಸರಿ. ಆದರೆ ಮುಂಬಯಿಯಲ್ಲಿ ಆಯುಷ್ಯ ಸವೆಸಿದ ಹಿರಿಯರನ್ನು, “ಇಷ್ಟು ವರ್ಷ ಇಲ್ಲಿ ಹೇಗೆ ಕಳೆದಿರಿ?” ಎಂದು ಕೇಳಿ ನೋಡಿ. ಅವರು ಸಂಘದ ನಿಬಂಧನೆಗಳ ಮಾತನ್ನೆತ್ತುವುದಿಲ್ಲ. ಊರಿನಿಂದ ಬಂದ ಒಂದು ಕಾರ್ಡು, ಎಲೆಯ ಮೇಲೆ ಬಿದ್ದ ಬಿಸಿ ಅನ್ನ ಸಾರು, ರಾತ್ರಿಯ ಹೊತ್ತು ರೇಡಿಯೋದಲ್ಲಿ ಕೇಳಿಬಂದ ಒಂದು ಕನ್ನಡ ದನಿ, ಇವುಗಳ ಮಾತನ್ನೆತ್ತುತ್ತಾರೆ. ಈ ಸಣ್ಣ ಸುಖಗಳಿಗೂ ಒಂದು ಇತಿಹಾಸವುಂಟು. ಅವು ಆಕಾಶದಿಂದ ಉದುರಿದವಲ್ಲ. ಒಂದೊಂದನ್ನೂ ಯಾರೋ ದುಡಿದು ನಮಗೆ ಒದಗಿಸಿಕೊಟ್ಟರು. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಆ ಋಣದ ಲೆಕ್ಕವನ್ನು ಒಮ್ಮೆ ತೆಗೆದು ನೋಡುವುದು ಉಚಿತವೆಂದು ತೋರುತ್ತದೆ.

ಮೊದಲಿಗೆ ಒಂದು ಸಂಗತಿಯನ್ನು ನೆನಪಿಡಬೇಕು. ನಮ್ಮ ಅಜ್ಜಂದಿರು ಊರು ಬಿಟ್ಟಾಗ, ಹೊರನಾಡಿಗೆ ಹೊರಟಿದ್ದೇವೆಂದು ಅವರಲ್ಲಿ ಬಹುಮಂದಿ ಭಾವಿಸಿರಲಾರರು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸು ಇಲಾಖೆಯಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮರ ಆಳಿಕೆಯಲ್ಲಿದ್ದವು. ಮೈಸೂರಿನದು ಬೇರೆ ಸಂಸ್ಥಾನ, ಕೊಡಗಿನದು ಬೇರೆ ಆಡಳಿತ. ಆದುದರಿಂದ ಧಾರವಾಡದವನಿಗೆ ಮುಂಬಯಿ, ಮಂಗಳೂರಿನವನಿಗೆ ಮದರಾಸು, ರಾಯಚೂರಿನವನಿಗೆ ಹೈದರಾಬಾದು ಅವರವರ ರಾಜಧಾನಿಗಳೇ ಆಗಿದ್ದವು. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ಪದವಿಗಾಗಿ ಉತ್ತರ ಕರ್ನಾಟಕದ ಹುಡುಗರು ಬಂದದ್ದು ತಮ್ಮ ಇಲಾಖೆಯ ಮುಖ್ಯಪಟ್ಟಣಕ್ಕೇ. 1956ನೆಯ ಇಸವಿ ನವೆಂಬರ್ 1ರಂದು ಈ ಚೂರುಗಳೆಲ್ಲ ಒಂದುಗೂಡಿದವು. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಮನೆ ಒಂದಾಯಿತು. ಆದರೆ ದುಡಿಮೆಗೆಂದು ಆಚೆ ಹೋಗಿದ್ದವರು ಒಂದೇ ರಾತ್ರಿಯಲ್ಲಿ ಹೊರನಾಡಿನವರಾದರು. ಏಕೀಕರಣದ ಸಂತೋಷದಲ್ಲಿ ಈ ಚಿಕ್ಕ ನೋವನ್ನು ಯಾರೂ ಹೆಚ್ಚಾಗಿ ಆಡಿಕೊಳ್ಳಲಿಲ್ಲ; ಆಡಿಕೊಳ್ಳಬೇಕಾದುದೂ ಅಲ್ಲವೆನ್ನಿ.

ಊರಿಗೂ ಮುಂಬಯಿಗೂ ನಡುವಣ ದಾರಿಯೂ ಸುಗಮವಾಗಿರಲಿಲ್ಲ. ಮಂಗಳೂರಿಗೆ 1907ರಲ್ಲಿ ರೈಲು ಬಂದರೂ ಅದರ ಮುಖ ಮದರಾಸಿನ ಕಡೆಗಿತ್ತು. ಕರಾವಳಿಯವರು ಹಡಗು ಹತ್ತಬೇಕು, ಇಲ್ಲವೇ ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ಹಡಗಿನ ಸಂಚಾರವೇ ನಿಂತುಹೋಗುತ್ತಿತ್ತು. ಕೊಂಕಣ ರೈಲು ಪೂರ್ಣವಾಗಿ ತೆರೆದುಕೊಂಡದ್ದು 1998ರ ಜನವರಿ 26ರಂದು. ಅಲ್ಲಿಯತನಕ ಊರು ದೂರವೆಂದರೆ ನಿಜವಾಗಿಯೂ ದೂರ. ದೂರದ ಊರಿನಿಂದ ಹಿಡಿದುಕೊಂಡು ಬಂದ ಗಂಟು ಅಷ್ಟೇ ಅಮೂಲ್ಯ. ಕರಾವಳಿಯವರ ಗಂಟಿನಲ್ಲಿ ಹಲಸಿನ ಹಪ್ಪಳ, ಮಾವಿನ ಮಿಡಿ. ಧಾರವಾಡದ ಕಡೆಯವರ ಗಂಟಿನಲ್ಲಿ ಕಟಿರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಮೈಸೂರಿನವರ ಗಂಟಿನಲ್ಲಿ ಕೋಡುಬಳೆ, ಹುರಿಹಿಟ್ಟು. ಆ ಗಂಟನ್ನು ಬಿಚ್ಚುವ ದಿನ ಕೋಣೆಯಲ್ಲಿದ್ದವರಿಗೆಲ್ಲ ಹಬ್ಬ. ಒಬ್ಬನ ತಾಯಿ ಹಾಕಿದ ಉಪ್ಪಿನಕಾಯಿಯನ್ನು ಹತ್ತು ಮಂದಿ ತಾಯಂದಿರ ಮಕ್ಕಳು ಚಪ್ಪರಿಸುತ್ತಿದ್ದರು.

ಗಂಟು ವರ್ಷಕ್ಕೊಮ್ಮೆ. ನಿತ್ಯದ ಸಂತೋಷವನ್ನು ತರುತ್ತಿದ್ದವನು ಅಂಚೆಯವನು. ನಮ್ಮ ದೇಶದಲ್ಲಿ ಕಾಲಾಣೆಯ ಕಾರ್ಡು ಹುಟ್ಟಿದ್ದು 1879ರ ಜುಲೈ 1ರಂದು. ಮರುವರ್ಷ, 1880ರಲ್ಲಿ, ಅಂಚೆಯ ಮನಿಯಾರ್ಡರು ಬಂದಿತು. 1950ರ ಅಕ್ಟೋಬರ್ 2ರಿಂದ ಇನ್‌ಲ್ಯಾಂಡ್ ಪತ್ರ ಬಂದು, ಮನೆಯ ಗುಟ್ಟನ್ನು ನಾಲ್ಕಾರು ಜನ ಓದುವುದು ತಪ್ಪಿತು. ಇವುಗಳಲ್ಲೆಲ್ಲ ಮನಿಯಾರ್ಡರಿನ ಮಹಿಮೆಯೇ ಬೇರೆ. ಅದರ ಫಾರಮಿನಲ್ಲಿ ನಾಲ್ಕು ಮಾತು ಬರೆಯಲು ಒಂದಿಷ್ಟು ಜಾಗವಿರುತ್ತಿತ್ತು. ಅಷ್ಟರಲ್ಲಿಯೇ ತಂಗಿಯ ಮದುವೆಯ ಮಾತು, ಹಸುವಿನ ಸಮಾಚಾರ, ತನ್ನ ಕ್ಷೇಮ ಎಲ್ಲವನ್ನೂ ತುಂಬಿಸಬೇಕು. ಹಣ ಸಂದ ಮೇಲೆ ಆ ಚೂರು ತಾಯಿಯ ಕೈಗೆ. ಸ್ವೀಕೃತಿಯ ಚೀಟಿ ಮಗನ ಕೈಗೆ ಮರಳಿ. ಆ ಚೀಟಿಯಲ್ಲಿ ವಾರ್ತೆಯೇನೂ ಇಲ್ಲ, ಒಂದು ಸಹಿ ಮಾತ್ರ. ಅಕ್ಷರ ಬಾರದ ತಾಯಿಯಾದರೆ ಹೆಬ್ಬೆಟ್ಟಿನ ಗುರುತು ಮಾತ್ರ. ಆದರೆ ಆ ಮಸಿಯ ಗುರುತಿನಲ್ಲಿ, ತಾಯಿ ಇದ್ದಾಳೆ, ಹಣ ಮುಟ್ಟಿತು, ಈ ತಿಂಗಳು ಮನೆಯಲ್ಲಿ ಒಲೆ ಉರಿಯುತ್ತದೆ ಎಂಬ ಮೂರು ಸುದ್ದಿಗಳಿರುತ್ತಿದ್ದವು. ಇದಕ್ಕಿಂತ ಸಣ್ಣದಾದ, ಇದಕ್ಕಿಂತ ದೊಡ್ಡದಾದ ಸಂತೋಷವನ್ನು ನಾನರಿಯೆ. ಆ ಹಳೆಯ ಮನಿಯಾರ್ಡರು ಪದ್ಧತಿ 2015ರಲ್ಲಿ ಕೊನೆಗೊಂಡಿತು. ಮಳೆಯಲ್ಲಿ ತೋಡು ದಾಟಿ ಹಣ ಮುಟ್ಟಿಸಿ, ಅಕ್ಷರ ಬಾರದವರಿಗೆ ಪತ್ರ ಓದಿ ಹೇಳಿ, ಉತ್ತರವನ್ನೂ ಬರೆದುಕೊಟ್ಟ ಹಳ್ಳಿಯ ಅಂಚೆಯವನಿಗೆ ಯಾವ ಸಂಘವೂ ಶಾಲು ಹೊದಿಸಿದಂತಿಲ್ಲ.

ಇನ್ನು ಊಟದ ಮಾತು. ಮುಂಬಯಿಯ ಕನ್ನಡಿಗನ ಹೊಟ್ಟೆಯ ಇತಿಹಾಸವನ್ನು ಮಾಟುಂಗಾದಿಂದಲೇ ಆರಂಭಿಸಬೇಕು. ಉಡುಪಿಯ ಸೀಮೆಯಿಂದ ಬಂದು ಅಡುಗೆಮನೆಯಲ್ಲಿ ದುಡಿದು ಮೇಲೆ ಬಂದ ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಅದು ಮಹಾಯುದ್ಧದ ಕಾಲ. ಮರುವರ್ಷವೇ ಮುಂಬಯಿಯಲ್ಲಿ ಧಾನ್ಯಕ್ಕೆ ಪಡಿತರ ಬಂದಿತು. ಅನ್ನವನ್ನೇ ನಂಬಿದ ನಮ್ಮವರಿಗೆ ಅಕ್ಕಿಯ ಒಂದೊಂದು ಕಾಳಿಗೂ ಲೆಕ್ಕ. ಸಂಸಾರವನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತರಿಗೆ, ಓದುವ ಹುಡುಗರಿಗೆ ಇಂಥ ಬೋರ್ಡಿಂಗುಗಳಲ್ಲಿ ದೊರೆತದ್ದು ಅನ್ನವಷ್ಟೇ ಅಲ್ಲ. “ಇನ್ನು ಸ್ವಲ್ಪ ಹಾಕಲೋ?” ಎಂದು ತಮ್ಮ ಮಾತಿನಲ್ಲಿ ಕೇಳುವವನೊಬ್ಬನು ಅಲ್ಲಿದ್ದನು. ಮದರಾಸಿನಲ್ಲಿಯೂ ಇದೇ ಕಥೆ. ಕಡಂದಲೆಯ ಕೃಷ್ಣ ಭಟ್ಟರು, ಕೆ. ಕೃಷ್ಣ ರಾವ್ ಎಂದು ಹೆಸರಾದವರು, 1938ರಲ್ಲಿ ವುಡ್‌ಲ್ಯಾಂಡ್ಸ್ ಹೊಟೇಲನ್ನು ಆರಂಭಿಸಿದರು. ಆ ಹೆಸರಿನ ಡ್ರೈವ್-ಇನ್ ಹೊಟೇಲು 1962ರಿಂದ 2008ರವರೆಗೆ ಆ ನಗರದ ಹರಟೆಯ ಕಟ್ಟೆಯೇ ಆಗಿತ್ತು. ಕನ್ನಡಿಗನಿಗೆ ಮನೆಯ ರುಚಿ ಉಣಿಸಲು ಹುಟ್ಟಿದ ಒಲೆಯಲ್ಲಿ ಇಡಿಯ ನಗರವೇ ತಿಂಡಿ ತಿಂದಿತು.

ಆದರೆ ಕೃತಜ್ಞತೆಯೆಂದರೆ ಕಷ್ಟವನ್ನು ಮರೆಯುವುದಲ್ಲ. ನಮ್ಮ ಎಲೆಗೆ ಬಿಸಿ ಅನ್ನ ಬೀಳುವಾಗ, ಒಳಗೆ ಹತ್ತು ಹನ್ನೆರಡು ವಯಸ್ಸಿನ ಮಾಣಿಗಳು ಲೋಟ ತೊಳೆಯುತ್ತಿದ್ದರು. ನಸುಕಿನಲ್ಲಿ ಎದ್ದು, ರಾತ್ರಿ ಬಾಗಿಲು ಮುಚ್ಚಿದ ಮೇಲೆ ಅದೇ ಮೇಜುಗಳ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಕೈಬೆರಳುಗಳ ಸಂದಿ ನೀರು ತಿಂದು ಬಿಳಿಚಿಕೊಂಡಿರುತ್ತಿತ್ತು. ಮನೆಗೆ ಹೋದ ಮನಿಯಾರ್ಡರುಗಳಲ್ಲಿ ಅನೇಕವು ಆ ಬೆರಳುಗಳು ಗಳಿಸಿದವು. ಈ ಹುಡುಗರಿಗೆ ಬೆಳಕು ತೋರಿಸಿದ್ದು ರಾತ್ರಿ ಶಾಲೆಗಳು. ಮೊಗವೀರ ಬಂಧುಗಳು ಮುಂಬಯಿಯಲ್ಲಿ 1902ರಷ್ಟು ಹಿಂದೆಯೇ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿ, ಮುಂದೆ ರಾತ್ರಿ ಶಾಲೆಯನ್ನೂ ನಡೆಸಿದರು. ಬೇರೆ ಕನ್ನಡ ಸಮಾಜಗಳೂ ಅದೇ ದಾರಿ ಹಿಡಿದವು. 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದಾಗ ಈ ನಗರದಲ್ಲಿ ಕನ್ನಡ ಓದುವವರ ಒಂದು ವರ್ಗವೇ ಸಿದ್ಧವಾಗುತ್ತಿತ್ತು. ಹಗಲೆಲ್ಲ ದುಡಿದು, ಸಂಜೆ ಯಜಮಾನನ ಅನುಮತಿ ಪಡೆದು, ನಿದ್ದೆಗಣ್ಣಿನಲ್ಲಿ ಬೆಂಚಿನ ಮೇಲೆ ಕುಳಿತು ಓದಿದವರು ಗುಮಾಸ್ತರಾದರು, ಬ್ಯಾಂಕಿನ ಅಧಿಕಾರಿಗಳಾದರು, ವಕೀಲರಾದರು. ಊರಿನ ಪತ್ರವನ್ನು ಇನ್ನೊಬ್ಬನ ಕೈಲಿ ಓದಿಸುತ್ತಿದ್ದವನು ಒಂದು ದಿನ ತಾನೇ ಬಿಡಿಸಿ ಓದಿದ. ಆ ದಿನದ ಆನಂದಕ್ಕೆ ಕಾರಣರಾದವರು, ತಮ್ಮ ಕಚೇರಿಯ ಕೆಲಸ ಮುಗಿಸಿ ರಾತ್ರಿ ಪಾಠ ಹೇಳಲು ಬಂದ ಮೇಷ್ಟ್ರುಗಳು.

ಕಣ್ಣಿಗೆ ಅಕ್ಷರ ಬಂದಂತೆ ಕಿವಿಗೆ ರೇಡಿಯೋ ಬಂದಿತು. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಆರಂಭವಾಯಿತು. ಮಧ್ಯಮ ತರಂಗದ ದನಿ ಹಗಲಿಗಿಂತ ರಾತ್ರಿ ಹೆಚ್ಚು ದೂರ ಹಾಯುತ್ತದೆ. ಆದುದರಿಂದ ಕತ್ತಲಾದ ಮೇಲೆ ಮುಳ್ಳನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿದರೆ, ಗೊರಗೊರ ಸದ್ದಿನ ನಡುವೆ ಕನ್ನಡ ಕೇಳಿಸುತ್ತಿತ್ತು. ಆಗ ರೇಡಿಯೋ ಇಟ್ಟುಕೊಳ್ಳಲು ಅಂಚೆಕಚೇರಿಯ ಲೈಸೆನ್ಸು ಬೇಕು. ಚಾಳಿನ ಎಲ್ಲರ ಮನೆಯಲ್ಲಿಯೂ ಅದು ಇರಲಿಲ್ಲ. ಇದ್ದವರ ಬಾಗಿಲಲ್ಲಿ ಇಲ್ಲದವರು ಕುಳಿತು ಕೇಳುವರು. ಇನ್ನು ಯಕ್ಷಗಾನ. ಕರಾವಳಿಯಲ್ಲಿ ದೀಪಾವಳಿಯ ನಂತರ ಹೊರಟ ಮೇಳಗಳು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಊರಿನಲ್ಲಿ ಆಟವಿಲ್ಲದ ಆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬಂದು ಆಡುವ ವಾಡಿಕೆ ಬೆಳೆಯಿತು. ಊರಿನ ಗದ್ದೆಯಲ್ಲಿ ಬೆಳಗಿನ ತನಕ ನಡೆಯುವ ಆಟ ಇಲ್ಲಿ ಸಭಾಗೃಹದ ಗಡಿಯಾರಕ್ಕೆ ತಕ್ಕಂತೆ ಮೊಟಕಾಯಿತು, ನಿಜ. ಚೆಂಡೆಯ ಪೆಟ್ಟು ಮಾತ್ರ ಅದೇ.

ಹೆಂಗಸರ ಋಣವನ್ನು ಬರೆಯದೆ ಈ ಲೆಕ್ಕ ಮುಗಿಯದು. ಮದುವೆಯಾಗಿ ಮುಂಬಯಿಗೆ ಬಂದ ಹುಡುಗಿಗೆ ಅಂಗಳವಿಲ್ಲ, ಬಾವಿಯಿಲ್ಲ, ಹಿತ್ತಲಿನ ಕರಿಬೇವಿಲ್ಲ. ಒಂದು ಕೋಣೆ, ಸಾಲಾಗಿ ನಿಂತ ಬಾಗಿಲುಗಳು, ನಿಗದಿಯಾದ ಹೊತ್ತಿಗೆ ಬರುವ ನಲ್ಲಿ. ಅವಳು ಮಾಟುಂಗಾದ ಪೇಟೆಯಲ್ಲಿ ಬಾಳೆಲೆ, ವೀಳ್ಯದೆಲೆ, ಕನಕಾಂಬರದ ಮಾಲೆ ಕಂಡು ಹಿಗ್ಗಿದಳು. ಕಣ್ಣೆದುರೇ ಬೀಜ ಹುರಿದು ಪುಡಿಮಾಡಿಕೊಡುವ ಅಂಗಡಿಯಿಂದ ಕಾಫಿಯ ಪೊಟ್ಟಣ ತಂದಳು. ಪಕ್ಕದ ಮರಾಠಿ ಬಾಯಿಯ ಒಲೆಯಲ್ಲಿ ಬೇಯುತ್ತಿದ್ದ ಭಾಕರಿಯು ತನ್ನ ತವರಿನ ಜೋಳದ ರೊಟ್ಟಿಯ ಅಕ್ಕನೇ ಎಂದು ಕಂಡುಕೊಂಡಳು. ಇವಳ ಹೋಳಿಗೆ ಆಚೆ ಹೋಯಿತು, ಅವಳ ಪೂರಣಪೋಳಿ ಈಚೆ ಬಂದಿತು. ಭಾಷೆ ಬಾರದ ಸೊಸೆಗೆ ಪೇಟೆಯ ದರ ಕಲಿಸಿದವಳು, ಹೆರಿಗೆಯ ರಾತ್ರಿ ಬಾಗಿಲು ತೆರೆದು ಓಡಿಬಂದವಳು ಆ ನೆರೆಯಾಕೆಯೇ. ಪಂಢರಪುರದ ವಿಠಲನನ್ನು ಜ್ಞಾನೇಶ್ವರರು ಮರಾಠಿಯಲ್ಲಿ ಹಾಡಿದರು, ಪುರಂದರದಾಸರು ಕನ್ನಡದಲ್ಲಿ ಹಾಡಿದರು. ದೇವರು ಇಬ್ಬರ ಮಾತಿಗೂ ಓಗೊಟ್ಟನು. ನೆಲ ಕೊಟ್ಟ ಊರಿಗೆ ನಾವು ಸಲ್ಲಿಸಬೇಕಾದ ಕೃತಜ್ಞತೆ, ನಾಡಹಬ್ಬದ ದಿನ ನಾಲಗೆಯ ತುದಿಯಲ್ಲಿ ಆಡಿ ಮುಗಿಸುವಂಥದಲ್ಲ.

ಇಂದು ಈ ಸುಖಗಳೆಲ್ಲ ಅಗ್ಗವಾಗಿವೆ. ತಾಯಿಯ ಮುಖವನ್ನು ಅಂಗೈಯಲ್ಲಿಯೇ ನೋಡಬಹುದು. ಹಣ ಕ್ಷಣದಲ್ಲಿ ಮುಟ್ಟುತ್ತದೆ. ಇಡ್ಲಿ ದೊರೆಯದ ಬೀದಿಯಿಲ್ಲ. ಅಗ್ಗವಾದುದಕ್ಕೆ ನಾವು ವ್ಯಥೆಪಡಬೇಕಾಗಿಲ್ಲ. ಹಿರಿಯರು ಬಯಸಿದ್ದೂ ಇದನ್ನೇ. ವ್ಯಥೆಯ ಮಾತು ಬೇರೆಯಿದೆ. ಅಜ್ಜ ಬರೆದ ಕಾರ್ಡು ಪೆಟ್ಟಿಗೆಯಲ್ಲಿದೆ, ಓದಬಲ್ಲ ಮೊಮ್ಮಗನಿಲ್ಲ. ರಾತ್ರಿ ಶಾಲೆಯಲ್ಲಿ ನಿದ್ದೆ ಕೆಟ್ಟು ಕಲಿತ ಅಕ್ಷರವು ಹಗಲು ಶಾಲೆಗೆ ಹೋಗುವ ಮಕ್ಕಳ ಕೈತಪ್ಪಿತು. ಕನ್ನಡ ಶಾಲೆಗಳ ಬೆಂಚುಗಳು ಬರಿದಾಗುತ್ತಿವೆ. ಕೆಲವು ಶಾಲೆಗಳಲ್ಲಿ ಉಳಿದಿರುವ ಮಕ್ಕಳಾದರೂ ಯಾರು? ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು, ಮುಂಬಯಿ ಪುಣೆಗಳ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊರುವ ತಾಯಿತಂದೆಗಳ ಮಕ್ಕಳು. ಅವರೂ ಕನ್ನಡಿಗರೇ, ಅವರದೂ ನವೆಂಬರ್ 1. ಆದರೆ ಅವರು ನಮ್ಮ ಸಭಾಗೃಹದ ಮೆಟ್ಟಿಲು ಹತ್ತಿದ್ದು ಅದನ್ನು ಕಟ್ಟುವಾಗ ಮಾತ್ರ.

ಋಣವನ್ನು ಕೊಟ್ಟವರಿಗೇ ಹಿಂದಿರುಗಿಸುವುದು ಎಲ್ಲ ವೇಳೆಯೂ ಸಾಧ್ಯವಲ್ಲ. ಆ ಅಂಚೆಯವನಿಲ್ಲ, ಆ ಭಟ್ಟರಿಲ್ಲ, ಆ ರಾತ್ರಿ ಶಾಲೆಯ ಮೇಷ್ಟ್ರಿಲ್ಲ. ಅವರು ನಮಗೆ ಕೊಟ್ಟದ್ದನ್ನು ನಮ್ಮ ಹಿಂದೆ ಬಂದವರಿಗೆ ಕೊಡುವುದೊಂದೇ ತೀರಿಸುವ ದಾರಿ. ಒಂದು ಕನ್ನಡ ಪುಸ್ತಕ, ವಾರಕ್ಕೊಂದು ಸಂಜೆಯ ಪಾಠ, ಹಬ್ಬದ ದಿನ ನಮ್ಮ ಪಂಕ್ತಿಯಲ್ಲಿ ಅವರಿಗೊಂದು ಎಲೆ, “ಯಾವೂರು ನಿಮ್ಮದು?” ಎಂಬ ಒಂದು ಮಾತು. ಇವು ದೊಡ್ಡ ಕಾರ್ಯಗಳಲ್ಲ. ನಮ್ಮ ಹಿರಿಯರು ಈ ದೊಡ್ಡ ಪಟ್ಟಣದಲ್ಲಿ ಬದುಕಿ ಉಳಿದದ್ದು ಇಂಥ ಸಣ್ಣ ಕಾರ್ಯಗಳಿಂದಲೇ.