ಕಾರ್ಖಾನೆ ನೀರು ಹರಿದ ಹೊಲಕ್ಕೆ ತಿಪ್ಪೆ ಗೊಬ್ಬರ: ಏನು ಸರಿ ಹೋಗುತ್ತೆ, ಏನು ಹೋಗಲ್ಲ?

ನೀರಮಾನ್ವಿ: ತುಂಗಭದ್ರಾ ಎಡದಂಡೆ ಕಾಲುವೆ ನೀರು ಕೊನೆ ಭಾಗಕ್ಕೆ ಸರಿಯಾಗಿ ತಲುಪದಿದ್ದಾಗ ಹಳ್ಳಕ್ಕೆ ಮೋಟಾರ್ ಇಟ್ಟು ಬೆಳೆ ಉಳಿಸಿಕೊಳ್ಳೋದು ಮಾನ್ವಿ ತಾಲ್ಲೂಕಿನ ರೈತರಿಗೆ ಹೊಸದಲ್ಲ. ಆ ಹಳ್ಳಕ್ಕೆ ಮೇಲಿನಿಂದ ರೈಸ್ ಮಿಲ್ ಅಥವಾ ಕಾರ್ಖಾನೆ ನೀರು ಸೇರುತ್ತಿದ್ದರೆ? 'ತಿಪ್ಪೆ ಗೊಬ್ಬರ ಜಾಸ್ತಿ ಹಾಕಿದ್ರೆ ಸರಿ ಹೋಗುತ್ತೆ' ಅನ್ನುವವರಿದ್ದಾರೆ. ಇದು ಅರ್ಧ ಮಾತ್ರ ನಿಜ.

ಮೊದಲು ನೀರು ಯಾವುದು ನೋಡಿ

ಭತ್ತ ಕುದಿಸುವ ಮಿಲ್ ನೀರಿನಲ್ಲಿ ಹೆಚ್ಚಾಗಿ ಇರೋದು ಕೊಳೆಯುವ ಅಂಶ. ಅದು ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ರಾಸಾಯನಿಕ ಕಾರ್ಖಾನೆ ನೀರಾದರೆ ಉಪ್ಪು, ಸೋಡಿಯಂ, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಬರಬಹುದು. ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆ ನೀರು ವೃಷಭಾವತಿ ಮೂಲಕ ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿನ ರೈತರು ವರ್ಷಗಳಿಂದ ಈ ಎರಡೂ ಬೆರೆತ ನೀರಿನಲ್ಲೇ ಬೇಸಾಯ ಮಾಡುತ್ತಿದ್ದಾರೆ.

ಗೊಬ್ಬರ ಮಾಡುವ ಕೆಲಸ

ಚೆನ್ನಾಗಿ ಕಳಿತ ಗೊಬ್ಬರ ಸೀಸ, ತಾಮ್ರವನ್ನು ಬಿಗಿಯಾಗಿ ಹಿಡಿದಿಡುತ್ತದೆ, ಬೇರಿಗೆ ಕಡಿಮೆ ಸಿಗುತ್ತದೆ. ವಿಷಕಾರಿ ಕ್ರೋಮಿಯಂ ಅನ್ನು ಕಡಿಮೆ ಅಪಾಯದ ರೂಪಕ್ಕೆ ತರುತ್ತದೆ. ಕ್ಯಾಡ್ಮಿಯಂ ಮೇಲೆ ಅಷ್ಟು ಹಿಡಿತ ಇಲ್ಲ.

ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರ ಅಥವಾ 1 ಟನ್ ಎರೆಹುಳು ಗೊಬ್ಬರ ಹಾಕಬಹುದು. ಹಸಿರೆಲೆ ಗೊಬ್ಬರಕ್ಕೆ ಡಯಾಂಚ ಬಿತ್ತಿ, ಸುಮಾರು 45 ದಿನಕ್ಕೆ, ಹೂ ಬಿಡುವ ಮುಂಚೆ ಮಣ್ಣಿಗೆ ಸೇರಿಸಿ. ಡಯಾಂಚ ಚೌಳು ನೆಲವನ್ನೂ ತಡೆಯುತ್ತದೆ. ಸೋಡಿಯಂ ಹೆಚ್ಚಾಗಿ ಎರೆ ಮಣ್ಣು ಗಟ್ಟಿಯಾಗಿ ನೀರು ಇಂಗದಿದ್ದರೆ ಗೊಬ್ಬರ ಒಂದೇ ಸಾಲದು. ಮಣ್ಣು ಪರೀಕ್ಷೆಯ ಲೆಕ್ಕದಂತೆ ಜಿಪ್ಸಂ ಹಾಕಬೇಕು, ಬಸಿಗಾಲುವೆನೂ ಬೇಕು.

ಗೊಬ್ಬರದ ಕೈಲಿ ಆಗದ್ದು

ಲೋಹ ಕೊಳೆಯಲ್ಲ. ಗೊಬ್ಬರ ಅದನ್ನು ಕಟ್ಟಿಹಾಕುತ್ತೆ ಅಷ್ಟೇ, ಹೊಲದಿಂದ ಹೊರಗೆ ಹಾಕಲ್ಲ. ಜೀವಾಮೃತಕ್ಕೂ ಅದು ಸಾಧ್ಯವಿಲ್ಲ. ಅದೇ ನೀರು ಬರುತ್ತಲೇ ಇದ್ದರೆ ಲೋಹ ವರ್ಷ ವರ್ಷ ಸೇರುತ್ತಲೇ ಇರುತ್ತದೆ.

ಭತ್ತದ ಗದ್ದೆಗೆ ಇನ್ನೊಂದು ಎಚ್ಚರಿಕೆ. ನೀರು ನಿಂತ ಗದ್ದೆಗೆ ಹಸಿ ಗೊಬ್ಬರ ಹಾಕಿದರೆ, ಮಣ್ಣಿನಲ್ಲಿ ಆರ್ಸೆನಿಕ್ ಇದ್ದಲ್ಲಿ ಅದು ಬಿಡುಗಡೆಯಾಗಿ ಕಾಳಿಗೆ ಹೋಗುವುದು ಹೆಚ್ಚಾಗಬಹುದು. ನೀರು ಬಸಿದು ಒಣಗಿಸಿದರೆ ಆರ್ಸೆನಿಕ್ ತಗ್ಗುತ್ತೆ, ಆದರೆ ಕ್ಯಾಡ್ಮಿಯಂ ಏರುತ್ತೆ. ಪರೀಕ್ಷೆ ಇಲ್ಲದೆ ಊಹೆ ಮೇಲೆ ನಡೆಯುವಂತಿಲ್ಲ. ಇಂಥ ನೀರಲ್ಲಿ ಪಾಲಕ್, ಮೆಂತ್ಯದಂಥ ಸೊಪ್ಪು ಬೆಳೆಯಲೇಬೇಡಿ. ಸೊಪ್ಪು ಕ್ಯಾಡ್ಮಿಯಂ ಅನ್ನು ಬೇಗ ಹೀರುತ್ತದೆ.

ಗೊಬ್ಬರದ ಅಂಗಡಿಯವರಿಗೂ ಒಂದು ಮಾತು

ಪಟ್ಟಣದ ಕಸದಿಂದ ಮಾಡಿದ ಕಾಂಪೋಸ್ಟ್‌ನಲ್ಲೂ ಲೋಹ ಇರಬಹುದು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಕಿಲೋಗೆ ಕ್ಯಾಡ್ಮಿಯಂ 5 ಮಿ.ಗ್ರಾಂ, ಸೀಸ 100 ಮಿ.ಗ್ರಾಂ ಮೀರಬಾರದು. ಚೀಲದ ಮೇಲೆ ವಿವರ ಇಲ್ಲದ್ದನ್ನು ಮಾರಬೇಡಿ, ಕೊಳ್ಳಬೇಡಿ.

ಪರೀಕ್ಷೆ ಹೇಗೆ?

ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ. ಅದರಲ್ಲಿ ಸೀಸ, ಕ್ಯಾಡ್ಮಿಯಂ ಇಲ್ಲ. ಹಾಗಾಗಿ 'ಚೀಟಿ ಚೆನ್ನಾಗಿದೆ' ಅಂತ ಸುಮ್ಮನಿರಬೇಡಿ, ಲೋಹದ ಪರೀಕ್ಷೆ ಬೇಕು ಅಂತ ಬೇರೆಯಾಗಿ ಕೇಳಿ. ಹೊಲದ 8-10 ಕಡೆ ಆರು ಇಂಚು ಆಳದ ಮಣ್ಣು ತೆಗೆದು, ಕಲಸಿ, ಅರ್ಧ ಕಿಲೋ ಇಟ್ಟುಕೊಳ್ಳಿ. ನೀರಿಗೆ ಒಂದು ಲೀಟರಿನ ಸ್ವಚ್ಛ ಬಾಟಲಿಯನ್ನು ಅದೇ ನೀರಲ್ಲಿ ಎರಡು ಮೂರು ಸಲ ತೊಳೆದು ತುಂಬಿ. ಎಲ್ಲಿ ಕೊಡಬೇಕು ಅನ್ನೋದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.

ಕಾರ್ಖಾನೆ ನೀರನ್ನು ನೀರಾವರಿಗಾಗಿ ಜಮೀನಿಗೆ ಬಿಡಲು 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಸಾಮಾನ್ಯ ಮಿತಿ ಇದೆ: ಬಿಒಡಿ ಲೀಟರಿಗೆ 100 ಮಿ.ಗ್ರಾಂ ಒಳಗೆ, ಪಿಎಚ್ 5.5ರಿಂದ 9. ನೀರಿನ ಬಣ್ಣ, ವಾಸನೆ ಬದಲಾದರೆ ದಿನಾಂಕ ಬರೆದಿಟ್ಟು, ಫೋಟೊ ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿಯ ರಾಯಚೂರು ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಗೊಬ್ಬರ ಹಾಕೋದು ರೈತರ ಕೆಲಸ, ಕೊಳಕು ನೀರು ನಿಲ್ಲಿಸೋದು ಬಿಡುವವರ ಕೆಲಸ. ಎರಡನೆಯದು ಆಗದೆ ಮೊದಲನೆಯದು ಎಷ್ಟು ಮಾಡಿದರೂ ಸಾಲದು.