ಕುಲುಮೆಯಿಂದ ಇನ್ವರ್ಟರ್‌ವರೆಗೆ: ಮೊದಲ ವೆಲ್ಡಿಂಗ್ ಮಷಿನ್ ಕೊಳ್ಳುವವರಿಗೆ ಒಂದಿಷ್ಟು ಇತಿಹಾಸ

ಸಾಂಬ್ರಾಣಿಯಂಥ ಊರಿನಲ್ಲಿ ಇವತ್ತು ಕಬ್ಬಿಣವಿಲ್ಲದ ಮನೆ ಇಲ್ಲ. ಕೊಟ್ಟಿಗೆಯ ಕಂಬ, ಹಿತ್ತಲ ಗೇಟು, ಕುಂಟೆ, ಟ್ರ್ಯಾಕ್ಟರಿನ ಟ್ರಾಲಿ ಎಲ್ಲವೂ ಕಬ್ಬಿಣವೇ. ಎಲ್ಲೋ ಒಂದು ಬಿರುಕು ಬಿಟ್ಟರೆ ಕೆಲಸ ನಿಲ್ಲುತ್ತದೆ. ಅದಕ್ಕೇ ‘ಒಂದು ಸಣ್ಣ ವೆಲ್ಡಿಂಗ್ ಮಷಿನ್ ನಮ್ಮಲ್ಲೇ ಇದ್ದರೆ ಹೇಗೆ?’ ಎಂದು ಯೋಚಿಸುವವರು ಹೆಚ್ಚುತ್ತಿದ್ದಾರೆ. ಅಂಗಡಿಗೆ ಹೋದರೆ ತಲೆ ತಿರುಗುತ್ತದೆ. 200 ಆಂಪಿಯರ್, 250 ಆಂಪಿಯರ್, ಐಜಿಬಿಟಿ, ಮಾಸ್ಫೆಟ್! ಇವುಗಳಲ್ಲಿ ಯಾವುದು ಬೇಕು ಎಂದು ತಿಳಿಯಲು ಸುಲಭದ ದಾರಿ, ಈ ಮಷಿನ್ ಹೇಗೆ ಹುಟ್ಟಿತು ಎಂದು ನೋಡುವುದು.

ಬೆಸುಗೆ ಹಳೆಯದು

ಬೆಸುಗೆ ಎಂಬುದು ಕುಲುಮೆಯ ಮಾತು. ಚಕ್ಕಡಿಯ ಗಾಲಿಗೆ ಹಾಕುವ ಕಬ್ಬಿಣದ ಪಟ್ಟಿಯ ಎರಡು ತುದಿಗಳನ್ನು ಕಮ್ಮಾರರು ಬಿಳಿಗೆಂಪಾಗುವಷ್ಟು ಕಾಯಿಸಿ, ಸುತ್ತಿಗೆಯಿಂದ ಬಡಿದು ಒಂದು ಮಾಡುತ್ತಿದ್ದರು. ಕಾದ ಕಬ್ಬಿಣಕ್ಕೆ ಗಾಳಿ ತಗುಲಿದರೆ ಮೇಲೆ ಕಿಟ್ಟ ಕಟ್ಟುತ್ತದೆ, ಕಿಟ್ಟ ನಡುವೆ ಬಂದರೆ ಕಬ್ಬಿಣ ಕೂಡುವುದಿಲ್ಲ. ಅದಕ್ಕೆ ಮರಳನ್ನೋ ಬಿಳಿಗಾರವನ್ನೋ ಉದುರಿಸುತ್ತಿದ್ದರು. ಅದು ಕರಗಿ, ಕಿಟ್ಟವನ್ನು ಹೊತ್ತುಕೊಂಡು ಹೊರಗೆ ಹರಿಯುತ್ತಿತ್ತು. ಈ ಕೆಲಸಕ್ಕೆ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯ ಸಿಗುತ್ತಿತ್ತು.

ಸಾಕಷ್ಟು ಕಾವು ಕೊಡಬೇಕು, ಗಾಳಿಯನ್ನು ದೂರ ಇಡಬೇಕು. ಮುಂದೆ ಬಂದ ಎಲ್ಲ ಮಷಿನ್‌ಗಳೂ ಈ ಎರಡು ಮಾತಿನ ಮೇಲೇ ನಿಂತಿವೆ.

ವಿದ್ಯುತ್ತಿನ ಕಿಡಿ

1880ರ ದಶಕದಲ್ಲಿ ನಿಕೊಲಾಯ್ ಬೆನಾರ್ಡೋಸ್ ಎಂಬ ರಷ್ಯಾದ ಸಂಶೋಧಕ ಇಂಗಾಲದ ಕಡ್ಡಿ ಮತ್ತು ಲೋಹದ ನಡುವೆ ವಿದ್ಯುತ್ ಕಿಡಿ ಹಚ್ಚಿ ಬೆಸುಗೆ ಹಾಕಿದ. 1888ರಲ್ಲಿ ಅದೇ ದೇಶದ ನಿಕೊಲಾಯ್ ಸ್ಲಾವ್ಯಾನೊವ್ ಇಂಗಾಲದ ಬದಲು ಲೋಹದ ಕಡ್ಡಿಯನ್ನೇ ಬಳಸಿದ. ಕಡ್ಡಿ ತಾನೇ ಕರಗಿ ಸಂದನ್ನು ತುಂಬಿತು. ಕಾವಿನ ಸಮಸ್ಯೆ ಹೀಗೆ ಬಗೆಹರಿಯಿತು. ಆದರೆ ಗಾಳಿ ತಗುಲಿ ಬೆಸುಗೆ ಪೆಡಸಾಗುತ್ತಿತ್ತು.

ಆ ಸಮಸ್ಯೆ ಬಿಡಿಸಿದವನು ಸ್ವೀಡನ್ನಿನ ಆಸ್ಕರ್ ಷೆಲ್‌ಬರ್ಗ್. ಹಡಗಿನ ಬಾಯ್ಲರ್ ರಿಪೇರಿ ಅವನ ಕೆಲಸ. ಅವನು ಕಬ್ಬಿಣದ ತಂತಿಯನ್ನು ಖನಿಜಗಳ ಗಟ್ಟಿ ಕಲಕದಲ್ಲಿ ಅದ್ದಿ ಒಣಗಿಸಿದ. ಉರಿಯುವಾಗ ಆ ಲೇಪ ಹೊಗೆಯಾಗಿ ಗಾಳಿಯನ್ನು ತಡೆಯಿತು, ಕಿಟ್ಟವಾಗಿ ಬೆಸುಗೆಯನ್ನು ಮುಚ್ಚಿತು. ನಮ್ಮ ಕಮ್ಮಾರರ ಬಿಳಿಗಾರ ಮಾಡುತ್ತಿದ್ದ ಕೆಲಸ ಈಗ ರಾಡಿನ ಮೈಮೇಲೇ ಬಂದು ಕೂತಿತು. ಅವನು 1904ರಲ್ಲಿ ಕಟ್ಟಿದ ಎಸಾಬ್ ಕಂಪನಿ ಇವತ್ತೂ ಇದೆ. ಭಾರತದಲ್ಲಿ 1951ರಲ್ಲಿ ಅಡ್ವಾಣಿ-ಓರ್ಲಿಕಾನ್ ಕಂಪನಿ ಶುರುವಾಯಿತು. ಅದರ ಈಗಿನ ಹೆಸರು ಅಡೋರ್ ವೆಲ್ಡಿಂಗ್.

ಭಾರವಾದ ಪೆಟ್ಟಿಗೆ

ಪೇಟೆಯ ವರ್ಕ್‌ಶಾಪುಗಳಲ್ಲಿ ನಾವು ನೋಡಿದ್ದು ಟ್ರಾನ್ಸ್‌ಫಾರ್ಮರ್ ಮಷಿನ್. ಒಳಗೆ ಕಬ್ಬಿಣದ ತಗಡುಗಳು, ಸುತ್ತ ತಾಮ್ರದ ತಂತಿ, ದೊಡ್ಡವುಗಳಲ್ಲಿ ತಣ್ಣಗಿಡಲು ಎಣ್ಣೆ. ಇಬ್ಬರು ಸೇರಿ ಎತ್ತಬೇಕು. ಹಲವಕ್ಕೆ ಮನೆಯ ಸಿಂಗಲ್ ಫೇಸ್ ಸಾಲದು. ಆದರೆ ಗಟ್ಟಿ. ಸುಟ್ಟರೆ ಮೋಟಾರ್ ವೈಂಡಿಂಗ್ ಮಾಡುವವರೇ ಮತ್ತೆ ಸುತ್ತಿಕೊಡುತ್ತಾರೆ.

ಅದರ ತೊಂದರೆ ವಿದ್ಯುತ್ತಿನದು. 80 ಆಂಪಿಯರ್‌ನಲ್ಲಿ ಬೆಸುಗೆ ಹಾಕಿದರೆ ಸಿಂಗಲ್ ಫೇಸ್ ಟ್ರಾನ್ಸ್‌ಫಾರ್ಮರ್ ಮಷಿನ್ ಲೈನಿನಿಂದ ಸುಮಾರು 24 ಆಂಪಿಯರ್ ಎಳೆಯುತ್ತದೆ. ಮನೆಯ ದೊಡ್ಡ ಪ್ಲಗ್ ತಡೆಯುವುದು 16 ಮಾತ್ರ. ಕಾಳಿ ನದಿಯ ನಾಗಝರಿ ವಿದ್ಯುದಾಗಾರ ನಮ್ಮ ಪಕ್ಕದಲ್ಲೇ ಇದೆ ನಿಜ. ಆದರೆ ಊರಿನ ಕೊನೆಯ ಕಂಬದ ಮನೆಗೆ ಬರುವ ವೋಲ್ಟೇಜ್ ಬೇರೆಯದೇ ಲೆಕ್ಕ.

ಜಾಲಹಳ್ಳಿಯ ಹುಡುಗ

ಈ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಳ್ಳುವಷ್ಟು ಹಗುರ ಮಾಡಿದ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. ನಮ್ಮ ಲೈನಿನ ವಿದ್ಯುತ್ ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಒಂದು ಸುತ್ತು ಮುಗಿಸುತ್ತದೆ. ಇಷ್ಟು ನಿಧಾನವಾದರೆ ಟ್ರಾನ್ಸ್‌ಫಾರ್ಮರಿಗೆ ರಾಶಿ ಕಬ್ಬಿಣ ಬೇಕು. ಅದನ್ನೇ ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡಿದರೆ ಅಂಗೈಯಗಲದ ಟ್ರಾನ್ಸ್‌ಫಾರ್ಮರ್ ಸಾಕು. ಇನ್ವರ್ಟರ್ ಮಷಿನ್ನಿನ ಗುಟ್ಟು ಇಷ್ಟೇ. ಆದರೆ ಅಷ್ಟು ವೇಗದಲ್ಲಿ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ ಬೇಕಲ್ಲ?

ಅಂಥ ಸ್ವಿಚ್‌ಗಳಲ್ಲಿ ಬಹಳ ಹೆಸರಾದದ್ದು ಐಜಿಬಿಟಿ. 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಇದನ್ನು ರೂಪಿಸಿದವರು ಬಿ. ಜಯಂತ್ ಬಾಳಿಗ. ಹುಟ್ಟಿದ್ದು ಮದ್ರಾಸಿನಲ್ಲಿ, ಬೆಳೆದದ್ದು ಬೆಂಗಳೂರಿನ ಹೊರಗೆ ಆಗ ಹಳ್ಳಿಯಾಗಿದ್ದ ಜಾಲಹಳ್ಳಿಯಲ್ಲಿ. 2024ರಲ್ಲಿ ಫಿನ್‌ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಸಂದಿತು. ಎಲೆಕ್ಟ್ರಿಕ್ ಕಾರು, ಸೋಲಾರ್, ರೈಲು ಎಲ್ಲದರಲ್ಲೂ ಐಜಿಬಿಟಿ ಇದೆ. ಅಂಗಡಿಯ ಮಷಿನ್ ಮೇಲೆ ಬರೆದಿರುವ ಐಜಿಬಿಟಿಯೂ ಅದೇ.

ಅದೇ 80 ಆಂಪಿಯರ್ ಕೆಲಸಕ್ಕೆ ಇನ್ವರ್ಟರ್ ಮಷಿನ್ ಎಳೆಯುವುದು ಸುಮಾರು 15 ಆಂಪಿಯರ್. ತೂಕ ಹತ್ತು ಕಿಲೋ ಒಳಗೆ. ಹಾಗಾಗಿ ಹಳ್ಳಿಮನೆಯಲ್ಲಿ ಹೊಸದಾಗಿ ಕಲಿಯುವವರಿಗೆ ಸಿಂಗಲ್ ಫೇಸ್ ಇನ್ವರ್ಟರ್ ಸರಿ.

ಕೊಳ್ಳುವಾಗ ನೋಡಬೇಕಾದ್ದು

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ನಿಜವಾಗಿ 200 ಆಂಪಿಯರ್ ಹೊರಗೆ ಬರಬೇಕಾದರೆ ಕಿಡಿಗೇ ಐದೂವರೆ ಕಿಲೋವ್ಯಾಟ್ ಬೇಕು. 16 ಆಂಪಿಯರ್ ಪ್ಲಗ್ ಕೊಡುವುದು ಹೆಚ್ಚೆಂದರೆ 3.7. ನಿಮಗೆ ಬೇಕಾಗುವುದು 60ರಿಂದ 120 ಆಂಪಿಯರ್. ‘ಡ್ಯೂಟಿ ಸೈಕಲ್’ ಎಷ್ಟು ಎಂದು ಕೇಳಿ. 60 ಶೇಕಡಾ ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಎಷ್ಟು ಕಡಿಮೆ ವೋಲ್ಟೇಜಿನಲ್ಲಿ ನಡೆಯುತ್ತದೆ, ಕಾರ್ಡ್ ಹೋದರೆ ಹತ್ತಿರದಲ್ಲಿ ರಿಪೇರಿ ಯಾರು ಮಾಡುತ್ತಾರೆ ಎಂಬುದನ್ನೂ ಕೇಳಿ. ಇನ್ವರ್ಟರಿನ ದೌರ್ಬಲ್ಯ ಇರುವುದೇ ಅಲ್ಲಿ. ಗ್ರೈಂಡರಿನ ಕಬ್ಬಿಣದ ಪುಡಿ, ನಮ್ಮ ಮಳೆಗಾಲದ ಥಂಡಿ ಎರಡೂ ಅದಕ್ಕೆ ಆಗುವುದಿಲ್ಲ.

ಮನೆಯ ಕಡೆಯೂ ನೋಡಿ. ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ? ಅರ್ಥಿಂಗ್ ಸರಿ ಇದೆಯೇ? ಒಂದು ಕಿಲೋವ್ಯಾಟಿನ ಮನೆಗೆ ಮಷಿನ್ ತಂದರೆ ಮೊದಲು ಸುಡುವುದು ವೈರಿಂಗು.

ರಾಡು 6013 ಜಾತಿಯದು, 2.5 ಮಿಲಿಮೀಟರಿನದು ತನ್ನಿ. ಅಂಗಡಿಯಲ್ಲಿ 12 ನಂಬರ್ ಎನ್ನುತ್ತಾರೆ. 70–80 ಆಂಪಿಯರ್‌ನಲ್ಲಿ ಶುರು ಮಾಡಿ. ತೆಳು ಪೈಪು ತೂತು ಬೀಳುತ್ತದೆ, 3 ಮಿಲಿಮೀಟರಿಗಿಂತ ದಪ್ಪದ ಪಟ್ಟಿಯ ಮೇಲೆ ಕೈ ಪಳಗಿಸಿ. ರಾಡುಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಡಿ, ಲೇಪ ಒದ್ದೆಯಾದರೆ ಬೆಸುಗೆಯಲ್ಲಿ ತೂತು ಬೀಳುತ್ತದೆ.

ಮಷಿನ್ನಿನ ಹಣದಲ್ಲಿ ಒಂದು ಪಾಲು ಕಣ್ಣಿಗೆ ತೆಗೆದಿಡಿ. 10 ಅಥವಾ 11ನೇ ನಂಬರಿನ ಕಪ್ಪು ಗಾಜಿನ ಮುಖಗವಸು, ಚರ್ಮದ ಕೈಗವಸು ಬೇಕೇಬೇಕು. ಬಿಸಿಲಿನ ಕನ್ನಡಕ ನಡೆಯುವುದಿಲ್ಲ. ಜಿಂಕ್ ಲೇಪದ ಪೈಪಿನ ಹೊಗೆ ಕುಡಿದರೆ ಜ್ವರ ಬರುತ್ತದೆ. ಖಾಲಿ ಡೀಸೆಲ್ ಡ್ರಮ್ಮಿಗೆ ರಾಡು ಮುಟ್ಟಿಸಬೇಡಿ, ಸಿಡಿಯುತ್ತದೆ. ಬೇಸಿಗೆಯಲ್ಲಿ ಬಣವೆಯ ಹತ್ತಿರ ಕಿಡಿ ಬೇಡ.

ಕೊನೆಗೊಂದು ಮಾತು. ಕಮ್ಮಾರರು ವರ್ಷಗಟ್ಟಲೆ ತಿದಿ ಒತ್ತಿ ಕಲಿತ ಮೇಲೆ ಬಂಡಿಯ ಪಟ್ಟಿಗೆ ಬೆಸುಗೆ ಹಾಕುತ್ತಿದ್ದರು. ಮಷಿನ್ ಹಗುರವಾಗಿದೆ, ಆದರೆ ಕಲಿಯುವ ಕಾಲ ಅಷ್ಟೇನೂ ಕಡಿಮೆಯಾಗಿಲ್ಲ. ಮೇಲೆ ಚೆಂದ ಕಂಡ ಬೆಸುಗೆ ಒಳಗೆ ಟೊಳ್ಳಿರಬಹುದು. ಗೇಟು, ಸ್ಟೂಲು, ಕೋಳಿ ಗೂಡು ನೀವೇ ಮಾಡಿ. ಟ್ರಾಲಿಯ ಕೊಂಡಿ, ನೀರಿನ ಟ್ಯಾಂಕಿನ ಸ್ಟ್ಯಾಂಡು, ಮಕ್ಕಳ ಜೋಕಾಲಿ ಮಾತ್ರ ಪಳಗಿದ ಕೈಗೆ ಬಿಡಿ. ಸರಿಯಾಗಿ ಕಲಿಯಬೇಕೆಂದರೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ ಗ್ರಾಮೀಣ ಯುವಕ ಯುವತಿಯರಿಗೆ ಉಚಿತ ತರಬೇತಿಗಳು ನಡೆಯುತ್ತವೆ. ವೆಲ್ಡಿಂಗ್ ತಂಡ ಯಾವಾಗ ಎಂದು ವಿಚಾರಿಸಿ, ಮಷಿನ್ ಆಮೇಲೆ ತನ್ನಿ.