‘ಲಿಂಕನ್’ ಚಿತ್ರವನ್ನು ನೋಡಿದವರು

ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಲಿಂಕನ್’ ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು 2012ರ ನವೆಂಬರಿನಲ್ಲಿ. ಅಬ್ರಹಾಂ ಲಿಂಕನ್ನರ ಪಾತ್ರ ವಹಿಸಿದ ಡೇನಿಯಲ್ ಡೇ-ಲೂಯಿಸ್ ಅವರಿಗೆ ಅದು ಮೂರನೆಯ ಆಸ್ಕರ್ ಪ್ರಶಸ್ತಿಯನ್ನು ತಂದುಕೊಟ್ಟಿತು. ಚಿತ್ರದ ಕಲಾಗುಣಗಳ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಅದಕ್ಕೆ ನಾನು ಸೇರಿಸುವಂಥದ್ದು ಏನೂ ಇಲ್ಲ. ಇತಿಹಾಸವನ್ನು ಪಾಠ ಮಾಡಿದವನಾಗಿ ನನ್ನ ಆಸಕ್ತಿಯೆಲ್ಲ ಅದನ್ನು ನೋಡಿದವರ ಮೇಲೆ. ಚಿತ್ರಮಂದಿರದಿಂದ ಹೊರಬಂದ ಬಳಿಕ ಅವರಲ್ಲಿ ಕೆಲವರು ಎತ್ತಿದ ಪ್ರಶ್ನೆಗಳು ಚಿತ್ರದಷ್ಟೇ ಸ್ವಾರಸ್ಯಕರವಾಗಿವೆ.

ಲಿಂಕನ್ನರ ಇಡೀ ಜೀವನಚರಿತ್ರೆಯನ್ನು ನಿರೀಕ್ಷಿಸಿ ಹೋದವರಿಗೆ ಇಲ್ಲಿ ನಿರಾಶೆ ಕಾದಿತ್ತು. ಮರದ ದಿಮ್ಮಿಗಳ ಮನೆ, ಒಲೆಯ ಬೆಳಕಿನ ಓದು ಯಾವುದೂ ಇದರಲ್ಲಿಲ್ಲ. ಯುದ್ಧದ ದೃಶ್ಯಗಳೂ ಅಲ್ಪವೇ. ಲಿಂಕನ್ನರ ಬದುಕಿನ ಕೊನೆಯ ನಾಲ್ಕು ತಿಂಗಳು, ಅದರಲ್ಲಿಯೂ ಮುಖ್ಯವಾಗಿ 1865ರ ಜನವರಿ, ಕಥೆಯ ಹರವು. 1863ರ ಜನವರಿ 1ರ ವಿಮೋಚನಾ ಘೋಷಣೆ ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಯುದ್ಧಕಾಲದ ಅಧಿಕಾರದಿಂದ ಹೊರಡಿಸಿದ ಆ ಆಜ್ಞೆ ಶಾಂತಿ ಬಂದ ಮೇಲೆ ನ್ಯಾಯಾಲಯದಲ್ಲಿ ನಿಲ್ಲುವುದೇ ಎಂಬ ಶಂಕೆ ಸ್ವತಃ ಲಿಂಕನ್ನರಿಗೇ ಇತ್ತು. ಆದ್ದರಿಂದ ಗುಲಾಮಗಿರಿಯನ್ನು ಸಂವಿಧಾನದ 13ನೆಯ ತಿದ್ದುಪಡಿಯ ಮೂಲಕವೇ ತೊಡೆದುಹಾಕಬೇಕಾಗಿತ್ತು. ಸೆನೆಟ್ 1864ರ ಏಪ್ರಿಲ್‌ನಲ್ಲಿ ಅದನ್ನು ಒಪ್ಪಿದರೂ ಪ್ರತಿನಿಧಿ ಸಭೆಯಲ್ಲಿ ಜೂನ್ ತಿಂಗಳಲ್ಲಿ ಮೂರನೆಯ ಎರಡರಷ್ಟು ಬಹುಮತ ದೊರೆಯದೆ ಅದು ಬಿದ್ದುಹೋಯಿತು. ಮತ್ತೆ ಮತಕ್ಕೆ ಹಾಕಿದ್ದು 1865ರ ಜನವರಿ 31ರಂದು. ಪರವಾಗಿ 119, ವಿರೋಧವಾಗಿ 56. ಬೇಕಾದುದಕ್ಕಿಂತ ಎರಡೇ ಮತ ಹೆಚ್ಚು.

ಆ ಮತಗಳನ್ನು ಹೇಗೆ ಕೂಡಿಸಲಾಯಿತು ಎಂಬುದೇ ಚಿತ್ರದ ವಸ್ತು. ಸೋತು ಮನೆಗೆ ಹೊರಟಿದ್ದ ವಿರೋಧ ಪಕ್ಷದ ಸದಸ್ಯರಿಗೆ ಹುದ್ದೆಗಳ ಆಸೆ ತೋರಿಸಿ ಒಲಿಸಿಕೊಳ್ಳುವ ದೃಶ್ಯಗಳನ್ನು ನೋಡುವಾಗ ನಮ್ಮವರಿಗೆ ಸಬ್‌ಟೈಟಲ್ಲಿನ ಅಗತ್ಯವೇ ಬೀಳದು. ‘ಕುದುರೆ ವ್ಯಾಪಾರ’ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ಅಷ್ಟು ಸವೆದಿದೆ. ಆದರೂ ನಮ್ಮಲ್ಲಿ ಲಿಂಕನ್ ಎಂದರೆ ಸಂತ. ಮಗನ ಉಪಾಧ್ಯಾಯರಿಗೆ ಅವರು ಬರೆದರೆನ್ನಲಾದ ಪತ್ರ ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲಿದೆ, ಶಿಕ್ಷಕರ ದಿನಾಚರಣೆಯಂದು ವೇದಿಕೆಯಲ್ಲಿ ವಾಚನವಾಗುತ್ತದೆ. (ಅದು ಲಿಂಕನ್ನರದೆಂಬುದಕ್ಕೆ ಯಾವ ಆಧಾರವೂ ಇಲ್ಲ.) ಗೋಡೆಯ ಮೇಲಿನ ಆ ಲಿಂಕನ್ನರಿಗಿಂತ ಮತಗಳನ್ನು ಎಣಿಸುತ್ತ ರಾತ್ರಿಯೆಲ್ಲ ಎಚ್ಚರವಿರುವ ಈ ಲಿಂಕನ್ನರೇ ನನಗೆ ಹೆಚ್ಚು ಹತ್ತಿರವಾದರು. ಅವರ ದನಿಯನ್ನು ಕೇಳಿಯೂ ಹಲವರು ಬೆರಗಾದರಂತೆ. ಆ ಎತ್ತರದ ಆಳಿಗೆ ಗಂಭೀರವಾದ ಕಂಠವನ್ನು ಎಲ್ಲರೂ ಕಲ್ಪಿಸಿಕೊಂಡಿದ್ದರು; ಆದರೆ ಅವರದು ತೆಳುವಾದ, ಏರುದನಿ ಎಂದು ಸಮಕಾಲೀನರೇ ಬರೆದಿಟ್ಟಿದ್ದಾರೆ. ನಟ ಅದನ್ನು ನಂಬಿ ನಡೆದರು.

ಇನ್ನು ಆಕ್ಷೇಪಗಳ ವಿಚಾರ. ಕನೆಕ್ಟಿಕಟ್ ರಾಜ್ಯದ ಪ್ರತಿನಿಧಿ ಜೋ ಕೋರ್ಟ್ನಿ ಚಿತ್ರ ನೋಡುತ್ತಿದ್ದಾಗ ತಮ್ಮ ರಾಜ್ಯದ ಇಬ್ಬರು ತಿದ್ದುಪಡಿಗೆ ವಿರುದ್ಧವಾಗಿ ಮತ ಹಾಕುವ ದೃಶ್ಯ ಬಂತು. ಸಂಶಯದಿಂದ ದಾಖಲೆಗಳನ್ನು ತೆಗೆಸಿ ನೋಡಿದರೆ ಆ ರಾಜ್ಯದ ನಾಲ್ವರೂ ಪರವಾಗಿಯೇ ಮತ ಹಾಕಿದ್ದರು. ಅವರಲ್ಲಿ ಜೇಮ್ಸ್ ಇಂಗ್ಲಿಷ್ ಎಂಬವರಂತೂ ಡೆಮಾಕ್ರಟಿಕ್ ಪಕ್ಷದವರಾಗಿದ್ದು, ತಮ್ಮ ಪಕ್ಷದ ಹೆಚ್ಚಿನವರ ನಿಲುವನ್ನು ಮೀರಿ ಮತ ಹಾಕಿದವರು. ಕೋರ್ಟ್ನಿ 2013ರ ಫೆಬ್ರುವರಿ 5ರಂದು ಸ್ಪೀಲ್‌ಬರ್ಗರಿಗೆ ಪತ್ರ ಬರೆದು, ಡಿವಿಡಿ ಹೊರಬರುವ ಮುನ್ನ ತಿದ್ದಬೇಕೆಂದು ಕೇಳಿಕೊಂಡರು. ಚಿತ್ರಕಥೆಗಾರ ಟೋನಿ ಕುಶ್ನರ್ ತಪ್ಪನ್ನು ಒಪ್ಪಿದರು, ಆದರೆ ಸಮರ್ಥಿಸಿಕೊಂಡರು. ಸ್ಪರ್ಧೆ ಎಷ್ಟು ಬಿಗಿಯಾಗಿತ್ತೆಂದು ತೋರಿಸಲು ಹಾಗೆ ಮಾಡಿದ್ದಾಗಿಯೂ, ಆ ಇಬ್ಬರ ಹೆಸರುಗಳು ಕಲ್ಪಿತವೆಂದೂ, ಇದು ಐತಿಹಾಸಿಕ ನಾಟಕವೇ ಹೊರತು ಇತಿಹಾಸಗ್ರಂಥವಲ್ಲವೆಂದೂ ಅವರ ವಾದ.

ಈ ಸಮರ್ಥನೆ ನನಗೆ ಒಪ್ಪಿಗೆಯಾಗಲಿಲ್ಲ. ವ್ಯಕ್ತಿಗಳ ಹೆಸರನ್ನು ಬದಲಿಸಿ ರಾಜ್ಯದ ಹೆಸರನ್ನು ಹಾಗೆಯೇ ಉಳಿಸಿದರೆ ಕಳಂಕ ತಪ್ಪುತ್ತದೆಯೇ? ಅಲ್ಲದೆ ಚಿತ್ರದ ಡಿವಿಡಿಯನ್ನು ಅಲ್ಲಿನ ಶಾಲೆಗಳಿಗೆ ಉಚಿತವಾಗಿ ಹಂಚುವುದಾಗಿ ಆಗಲೇ ಪ್ರಕಟವಾಗಿತ್ತು. ಇದರ ಪರಿಣಾಮವೇನೆಂದು ಮಾಸ್ತರನಾದವನಿಗೆ ಗೊತ್ತು. ತಾಳಗುಂದದ ಶಾಸನದ ಮಯೂರಶರ್ಮ ವೇದಾಧ್ಯಯನಕ್ಕೆಂದು ಕಂಚಿಗೆ ಹೋಗಿ, ಅಲ್ಲಿ ಅವಮಾನಿತನಾಗಿ ಖಡ್ಗ ಹಿಡಿದ ಬ್ರಾಹ್ಮಣ. ಆದರೆ 1975ರ ‘ಮಯೂರ’ ಚಿತ್ರದಲ್ಲಿ ರಾಜ್‌ಕುಮಾರರನ್ನು ಕಂಡ ಹುಡುಗರು ಪರೀಕ್ಷೆಯಲ್ಲಿ ಅವನನ್ನು ಹುಟ್ಟಿನಿಂದಲೇ ರಾಜಕುಮಾರನೆಂದು ಬರೆಯುತ್ತಿದ್ದರು. ಎಷ್ಟು ಕೆಂಪು ಶಾಯಿ ಸುರಿಸಿದರೂ ಪ್ರಯೋಜನವಾಗಲಿಲ್ಲ.

ಇತಿಹಾಸತಜ್ಞೆ ಕೇಟ್ ಮಸೂರ್ ಎತ್ತಿದ ಆಕ್ಷೇಪ ಇದಕ್ಕಿಂತ ಗುರುತರವಾದುದು. ಚಿತ್ರದಲ್ಲಿ ಕಪ್ಪು ಜನರು ಬಿಳಿಯರಿಂದ ಬಿಡುಗಡೆ ದೊರೆಯುವುದನ್ನು ಕಾಯುತ್ತ ಕುಳಿತವರಂತೆ ಕಾಣುತ್ತಾರೆ ಎಂದರು ಅವರು. ಅಧ್ಯಕ್ಷರ ಪತ್ನಿಯ ಉಡುಪು ಹೊಲಿಯುವ ಎಲಿಜಬೆತ್ ಕೆಕ್ಲಿ ತೆರೆಯ ಮೇಲೆ ಬಹುಪಾಲು ಮೌನವಾಗಿ ಕುಳಿತಿರುತ್ತಾರೆ. ನಿಜಜೀವನದಲ್ಲಿ ಆಕೆ ಹಣ ತೆತ್ತು ತನ್ನನ್ನೂ ತನ್ನ ಮಗನನ್ನೂ ಬಿಡಿಸಿಕೊಂಡವರು. 1862ರಲ್ಲಿ ವಾಷಿಂಗ್ಟನ್ನಿಗೆ ಓಡಿಬಂದ ನಿರಾಶ್ರಿತರಿಗಾಗಿ ಸಂಘ ಕಟ್ಟಿದವರು. 1868ರಲ್ಲಿ ಆತ್ಮಕಥೆ ಬರೆದವರು. ಲಿಂಕನ್ನರನ್ನು ಕಂಡು ವಾದಿಸಿದ್ದ ಫ್ರೆಡರಿಕ್ ಡಗ್ಲಾಸ್ ಚಿತ್ರದಲ್ಲಿ ಎಲ್ಲಿಯೂ ಇಲ್ಲ. 1864ರ ಫೆಬ್ರುವರಿಯಲ್ಲಿ ಮಹಿಳಾ ಸಂಘವೊಂದು ಸಂಗ್ರಹಿಸಿದ ಒಂದು ಲಕ್ಷ ಸಹಿಗಳ ಮನವಿಯನ್ನು ಇಬ್ಬರು ಕಪ್ಪು ಜನರು ಸೆನೆಟ್ಟಿನೊಳಕ್ಕೆ ಹೊತ್ತು ತಂದಿದ್ದರು. ಎಂಥ ದೃಶ್ಯವಾಗಬಹುದಿತ್ತು! ಕನೆಕ್ಟಿಕಟ್ಟಿನ ತಪ್ಪನ್ನು ಒಂದು ಗಂಟೆಯಲ್ಲಿ ತಿದ್ದಬಹುದು. ಇದನ್ನು ತಿದ್ದಲು ಬೇರೆಯೇ ಚಿತ್ರ ತೆಗೆಯಬೇಕು.

ಆದರೆ ನನ್ನ ಮನಸ್ಸಿನಲ್ಲಿ ಉಳಿದ ಪ್ರೇಕ್ಷಕ ಇವರಾರೂ ಅಲ್ಲ. ಆತ ಭಾರತದಿಂದ ವಲಸೆ ಹೋಗಿ ಅಮೆರಿಕದ ಪೌರರಾದ, ಮಿಸಿಸಿಪ್ಪಿಯ ವೈದ್ಯಕೀಯ ಸಂಸ್ಥೆಯೊಂದರಲ್ಲಿ ನರಜೀವಶಾಸ್ತ್ರ ಕಲಿಸುವ ಪ್ರಾಧ್ಯಾಪಕರು. ಚಿತ್ರ ಮುಗಿದ ಮೇಲೆ ಅವರಿಗೆ ಹೊಳೆದದ್ದು ತೀರ ಸರಳವಾದ ಪ್ರಶ್ನೆ: ಸಂಸತ್ತು ಒಪ್ಪಿದ ನಂತರ ಏನಾಯಿತು? ತಿದ್ದುಪಡಿ ಜಾರಿಗೆ ಬರಲು ನಾಲ್ಕನೆಯ ಮೂರರಷ್ಟು ರಾಜ್ಯಗಳು ಅನುಮೋದಿಸಬೇಕಷ್ಟೆ. 1865ರ ಡಿಸೆಂಬರ್ 6ರಂದು ಜಾರ್ಜಿಯ ಒಪ್ಪುವುದರೊಂದಿಗೆ ಆ ಸಂಖ್ಯೆ ತುಂಬಿತು. ಲಿಂಕನ್ನರು ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಲಿಂಕನ್ ಹುಟ್ಟಿದ ಕೆಂಟಕಿ ಒಪ್ಪಿದ್ದು 1976ರಲ್ಲಿ! 1865ರಲ್ಲಿ ತಿರಸ್ಕರಿಸಿದ್ದ ಮಿಸಿಸಿಪ್ಪಿ 1995ರಲ್ಲಿ ಒಪ್ಪಿತು. ಆದರೆ ಅಂತರಜಾಲದ ಪಟ್ಟಿಯಲ್ಲಿ ಮಿಸಿಸಿಪ್ಪಿಯ ಹೆಸರಿನ ಪಕ್ಕದಲ್ಲೊಂದು ನಕ್ಷತ್ರದ ಗುರುತಿತ್ತು. ನಿರ್ಣಯವನ್ನು ವಾಷಿಂಗ್ಟನ್ನಿಗೆ ಅಧಿಕೃತವಾಗಿ ಕಳುಹಿಸಿಯೇ ಇರಲಿಲ್ಲ!

ಪ್ರಾಧ್ಯಾಪಕರು ಇದನ್ನು ಸಹೋದ್ಯೋಗಿಯೊಬ್ಬರಿಗೆ ಹೇಳಿದರು. ಅದೇ ರಾಜ್ಯದವರಾದ ಆತ ದೂರವಾಣಿ ಮಾಡಿ ವಿಷಯ ನಿಜವೆಂದು ಖಚಿತಪಡಿಸಿಕೊಂಡರು, ತಾವೂ ಹೋಗಿ ಚಿತ್ರ ನೋಡಿ ಬಂದರು, 1995ರ ನಿರ್ಣಯದ ಪ್ರತಿಯನ್ನು ಹುಡುಕಿಸಿದರು. ಅದರ ಕೊನೆಯಲ್ಲಿ, ಪ್ರತಿಯೊಂದನ್ನು ಕೇಂದ್ರ ಕಚೇರಿಗೆ ಕಳುಹಿಸತಕ್ಕದ್ದು ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಯಾರೋ ಕಳುಹಿಸಿರಲಿಲ್ಲ, ಅಷ್ಟೇ. ಸರ್ಕಾರಿ ಕಡತಗಳ ಗತಿಯನ್ನು ಬಲ್ಲ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. 2013ರ ಜನವರಿ 30ರಂದು ರಾಜ್ಯದ ಕಾರ್ಯದರ್ಶಿ ಡೆಲ್ಬರ್ಟ್ ಹೋಸ್‌ಮನ್ ಆ ಕಾಗದವನ್ನು ಕಳುಹಿಸಿಕೊಟ್ಟರು. ಫೆಬ್ರುವರಿ 7ರಂದು ವಾಷಿಂಗ್ಟನ್ನಿನಿಂದ ಸ್ವೀಕೃತಿ ಬಂದು, ಮಿಸಿಸಿಪ್ಪಿಯಲ್ಲಿ ಗುಲಾಮಗಿರಿಯ ರದ್ದತಿಗೆ ಅಧಿಕೃತ ಅನುಮೋದನೆ ದಾಖಲಾಯಿತು. ಕನೆಕ್ಟಿಕಟ್ಟಿನ ಪ್ರತಿನಿಧಿ ಸ್ಪೀಲ್‌ಬರ್ಗರಿಗೆ ದೂರಿನ ಪತ್ರ ಬರೆದದ್ದೂ ಅದೇ ವಾರ.